ಜಲಮಾಲಿನ್ಯ ಕಾಯ್ದೆಯವರಿಗೆ, ಚಿಕ್ಕಬೋರಮ್ಮನ ಎಮ್ಮೆಯ ಪರವಾಗಿ

ಮಾನ್ಯ ಜಲಮಾಲಿನ್ಯ ಕಾಯ್ದೆಯವರೇ,

ಸಂತೆಬಾಚಹಳ್ಳಿ ಹೋಬಳಿಯ ಹಳ್ಳದ ದಡದವರ ನಮಸ್ಕಾರಗಳು. ಎಪ್ಪತ್ತನಾಲ್ಕರಲ್ಲಿ ಹುಟ್ಟಿದ ತಾವೂ, ಎಂಬತ್ತೊಂದರಲ್ಲಿ ಹುಟ್ಟಿದ ತಮ್ಮ ಸೋದರರಾದ ವಾಯುಮಾಲಿನ್ಯ ಕಾಯ್ದೆಯವರೂ ದೆಹಲಿಯಲ್ಲಿ ಕ್ಷೇಮವಾಗಿದ್ದೀರೆಂದು ನಂಬಿದ್ದೇವೆ. ನಾವೂ ಇಲ್ಲಿ ಮೂಗು ಮುಚ್ಚಿಕೊಂಡು ಕ್ಷೇಮ.

ಈ ಸಂಗತಿಯನ್ನು ಮೊದಲು ಹೇಳಿದ್ದು ನಮ್ಮೂರ ಚಿಕ್ಕಬೋರಮ್ಮ, ಈ ತೊಂಬತ್ತಾರನೇ ಇಸವಿಯ ಗೌರಿ ಹಬ್ಬ ಕಳೆದ ಸಂಜೆ, ಹಾಲಿನ ಡೈರಿ ಜಗಲಿಯಲ್ಲಿ. ಆಕೆಗಿರುವುದು ಒಂದೇ ಎಮ್ಮೆ, ಆ ಎಮ್ಮೆಗಿರುವುದು ಒಂದೇ ಹಳ್ಳ, ಆ ಹಳ್ಳಕ್ಕೆ ಮೇಲುಗಡೆಯ ಸ್ಪಿರಿಟ್ ಕಾರ್ಖಾನೆಯವರು ಬಿಡುವುದು ಕಾಫಿ ಬಣ್ಣದ ಕೊಳೆನೀರು. ಡೈರಿಯ ಕಾರ್ಯದರ್ಶಿ ಚಲುವರಾಜು ಆಕೆಯ ಹಾಲು ಮೂಸಿ, "ವಾಸ್ನೆ ಕಣಮ್ಮೋ, ಮನೆಗೆ ತಗಂಡೋಗು" ಎಂದು ಕ್ಯಾನು ಹಿಂದಕ್ಕೆ ತಳ್ಳಿದ.

"ವಾಸ್ನೆ ನನ್ನೆಮ್ಮೇದಲ್ಲ ಕಣ್ಲಾ, ಕಾರ್ಖಾನೇದು! ಅಲ್ಲೋಗಿ ಮೂಸು, ನಿಂಗೆ ಮೂಗಿದ್ರೆ!"

ಹಾಗೆಂದು ಜಗಲಿ ಮೇಲೆ ಕೂತವಳೇ, ಹಿಂದಿನ ವಾರ ಕಾರ್ಖಾನೆ ಪಕ್ಕದ ಬದುವಿನಲ್ಲಿ ಹುಲ್ಲು ಕುಯ್ಯುವಾಗ ಕಂಡದ್ದನ್ನೆಲ್ಲ ಸಾಲಿನಲ್ಲಿದ್ದ ಹೆಂಗಸರಿಗೆ ಹೇಳಿದಳು. ತಮ್ಮ ಕಡೆಯ ಅಧಿಕಾರಿಗಳು ಜೀಪಿನಲ್ಲಿ ಬಂದರಂತೆ. ಅವರು ಇಳಿಯುವ ಮೊದಲೇ ಕೊಳೆನೀರು ನಿಂತು, ಅದೇ ಪೈಪಿನಲ್ಲಿ ಬೋರ್‌ವೆಲ್ಲಿನ ನೀರು ಬರತೊಡಗಿತಂತೆ. ಆಮೇಲೆ ತಾವು ವಿಧಿಸಿರುವಂತೆಯೇ ಮಾಲೀಕರಿಗೆ ನೋಟಿಸು ಕೊಟ್ಟು, ಅವರ ಕಣ್ಣೆದುರಿಗೇ ನೀರನ್ನು ಎರಡು ಬಾಟಲಿಗೆ ತುಂಬಿ, ಅರಗಿನ ಮುದ್ರೆ ಒತ್ತಿ, ಸಹಿ ಹಾಕಿಸಿ, ಎಳನೀರು ಕುಡಿದು ಹೊರಟರಂತೆ. ಜೀಪಿನ ಧೂಳು ಅಡಗುವುದರೊಳಗೆ ಹಳ್ಳ ಮತ್ತೆ ಕಾಫಿಯಾಯಿತಂತೆ.

ಕೊಳೆನೀರಿಗೂ ಇಷ್ಟು ಮರ್ಯಾದೆ ಕೊಡುವ ತಮ್ಮ ದೊಡ್ಡತನಕ್ಕೆ ಬೆರಗಾಗಿ, ಕೆಲವು ಸಣ್ಣ ಬೇಡಿಕೆಗಳನ್ನು ತಮ್ಮ ಪಾದಕ್ಕೆ ಅರ್ಪಿಸುತ್ತಿದ್ದೇವೆ. ಚಿಕ್ಕಬೋರಮ್ಮನ ಹಾಲು ಮೂಸುವ ಮೊದಲು ಚಲುವರಾಜು ಆಕೆಗೂ ನೋಟಿಸು ಕೊಟ್ಟು, ಹಾಲನ್ನು ಎರಡು ಬಾಟಲಿಗೆ ತುಂಬಿ, ಮುದ್ರೆ ಒತ್ತಿ, ಎಳನೀರು ಕುಡಿದು ಹೋಗುವಂತೆ ತಾವು ಅಪ್ಪಣೆ ಮಾಡಬೇಕು. ಅದು ಆಗದಿದ್ದರೆ, ಯಾವ ಹೊತ್ತಿನಲ್ಲಿ ಬಾಯಾರಿಕೆಯಾಗಬಾರದೆಂದು ಎಮ್ಮೆಗೇ ಸುತ್ತೋಲೆ ಕಳಿಸಬೇಕು; ಓದಿ ಹೇಳಲು ನಾನಿದ್ದೇನೆ. ಸಂಜೆಯ ಗಬ್ಬುವಾಸನೆ ಊರಗಡಿಯ ಕಲ್ಲಿನ ಬಳಿ ನಿಂತು ಪರವಾನಗಿ ತೋರಿಸಿಯೇ ಒಳಕ್ಕೆ ಬರಲೆಂದು ತಮ್ಮ ಸೋದರರಿಗೂ ಒಂದು ಮಾತು ಹೇಳಬೇಕು.

ಇಂತು,
ತಮ್ಮ ವಿಶ್ವಾಸಿ,
ಕುಳ್ಳಯ್ಯ

ಮರೆತ ಮಾತು: ಚಿಕ್ಕಬೋರಮ್ಮನ ಮಾತು ಕೇಳಿದ ಹೆಂಗಸರು ಮಾರನೆಯ ಬೆಳಗ್ಗೆ ತಮ್ಮ ತಮ್ಮ ಎಮ್ಮೆಗಳನ್ನು ಬಿಚ್ಚಿ, ಕಾರ್ಖಾನೆಯ ಕಾಂಪೌಂಡಿನೊಳಗೆ ಸಾಹೇಬರ ಹೂದೋಟಕ್ಕೆಂದು ತುಂಬಿಸಿಟ್ಟ ತೊಟ್ಟಿಗೆ ಹೊಡೆದುಕೊಂಡು ಹೋದರು. ಎಮ್ಮೆಗಳು ಹೊಟ್ಟೆ ತುಂಬ ಕುಡಿದು, ಅದರಲ್ಲೇ ಮಲಗಿದವು. ಶುದ್ಧ ನೀರು ಮಲಿನವಾಯಿತೆಂದು ಕಾರ್ಖಾನೆಯವರು ದೂರು ಕೊಟ್ಟದ್ದೇ ತಡ, ಮಧ್ಯಾಹ್ನದೊಳಗೆ ತಮ್ಮವರ ಅದೇ ಜೀಪು ಬಂತು. ಇಷ್ಟು ವರ್ಷದ ಮೇಲೆ ಕಾನೂನು ನಮ್ಮೂರ ಎಮ್ಮೆಗಳಿಗಾಗಿ ದಯಮಾಡಿಸಿತಲ್ಲ ಎಂದು ನಮಗೆಲ್ಲ ಕಣ್ಣು ತುಂಬಿ ಬಂತು. ಆ ಸಂಜೆ ಚಲುವರಾಜು ಚಿಕ್ಕಬೋರಮ್ಮನ ಹಾಲನ್ನು ಎರಡು ಸಲ ಮೂಸಿ, ಕ್ಯಾನು ತನ್ನತ್ತ ಎಳೆದು ಅಳೆದುಕೊಂಡ. ನಾಳೆಯೂ ಎಮ್ಮೆಗಳು ಆ ತೊಟ್ಟಿಗೇ ಹೋಗುತ್ತವೆ.