ಹತ್ತು ಎಣಿಸುವ ತನಕ

ಎಲ್ಲಕ್ಕೂ ಮೂಲ ಮಡಿಕೆಕಾಳು. ಬಾಯವ್ವ ನೆನೆಹಾಕಿದ್ದು ನಾಲ್ಕೇ ಹಿಡಿ. ಬಟ್ಟೆಯಲ್ಲಿ ಕಟ್ಟಿಟ್ಟಾಗ ಮೊಳಕೆಯೊಡೆದು ಪಾತ್ರೆ ತುಂಬಾ ಆಯಿತು. ಕೆಡಿಸುವುದೇಕೆಂದು ರಾತ್ರಿ ಗಂಡನ ತಾಟಿಗೆ ಮೂರು ಸಲ ಉಸಳಿ ಬಡಿಸಿದಳು. ಬೇಡ ಎನ್ನುವ ತ್ರಾಣ ಉಳವಪ್ಪನಿಗೆ ಇರಲಿಲ್ಲ. ಮದುವೆಯಾಗಿ ಇಪ್ಪತ್ತೆರಡು ವರ್ಷವಾಗಿತ್ತು. ಬೆಳಗ್ಗೆ ಏಳುವಾಗ ಅವನ ಹೊಟ್ಟೆ ಬೆಂಕಿಗೆ ಕಾಯಿಸಿದ ಹಲಗೆವಾದ್ಯದಂತೆ ಬಿಗಿದಿತ್ತು.

ಬೇರೆ ದಿನವಾಗಿದ್ದರೆ ಹೊಲದ ಕಡೆ ಒಂದು ಸುತ್ತು ಹೋಗಿ ಹಗುರಾಗಿ ಬರುತ್ತಿದ್ದ. ಆದರೆ ಪ್ಲೇಗು ಹೋದ ಮರುವರ್ಷದ ಆ ದಿನ, ಸವದತ್ತಿ ಸೀಮೆಯ ಆ ಊರಿನ ದೇಸಾಯರ ವಾಡೆಗೆ ಬೆಳಗಾವಿಯಿಂದ ಫೋಟೋದವನು ಬಂದಿದ್ದ. ವಾಡೆಯ ಲೆಕ್ಕ ಬರೆಯುವ ಕಾರಕೂನನಾದ ಉಳವಪ್ಪ ದೇಸಾಯರ ಬಲಮಗ್ಗುಲಲ್ಲೇ ಕೂರಬೇಕಾಗಿತ್ತು.

ಅದು ಮರ್ಯಾದೆಯೂ ಹೌದು, ಗಂಡಾಂತರವೂ ಹೌದು. ಮೂರು ವರ್ಷದ ಹಿಂದೆ ಯುಗಾದಿಯಂದು ವಾಡೆಯಲ್ಲಿ ಪಂಚಾಂಗ ಓದುತ್ತಿದ್ದರು. ಮಳೆಯ ಫಲ ಬಂದಾಗ ಎಲ್ಲರೂ ಉಸಿರು ಬಿಗಿಹಿಡಿದರು. ಆಗ ಉಳವಪ್ಪ ಕೂತ ಕಡೆಯಿಂದಲೇ ಒಂದು ಸದ್ದು ಬಂತು. ಕುಂಬಳಕಾಯಿ ಕಳ್ಳನೆಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ತನ್ನ ಹೊಟ್ಟೆಯ ಸ್ವಭಾವ ಬಲ್ಲ ಉಳವಪ್ಪ, ತನ್ನದೇ ಇರಬೇಕೆಂದು ತಲೆ ತಗ್ಗಿಸಿದ. ಅಂದಿನಿಂದ ಊರಿಗೆ ಅವನು ತಿದಿ ಕಾರಕೂನ, ಕಮ್ಮಾರನ ತಿದಿಯಂತೆ ಗಾಳಿ ಬಿಡುವವನು. ಸಂತೆಯಲ್ಲಿ ಎತ್ತು ಸದ್ದು ಮಾಡಿದರೂ ಜನ ಇವನ ಮುಖ ನೋಡುತ್ತಿದ್ದರು. ಫೋಟೋದ ಹಿಂದಿನ ದಿನ ದೇಸಾಯರು ಕರೆದು ಹೇಳಿದ್ದರು:

"ಉಳವಪ್ಪ, ಹೊರಗಿನ ಮಂದಿ ಮುಂದ ಮತ್ತ ಯುಗಾದಿ ಮಾಡಿದಿ ಅಂದರ ನಾಳಿಂದ ವಾಡೇಕ ಬರಬ್ಯಾಡ."

ಬೆಳಗ್ಗೆ ಕೆಂಡ ಕೇಳಲು ಬಂದ ನೆರೆಮನೆಯ ಮಾಯವ್ವ, ಅವನು ಹೊಟ್ಟೆ ಸವರಿಕೊಳ್ಳುವುದನ್ನು ಕಂಡಳು. ಕೆಂಡ ಮನೆ ಮುಟ್ಟುವುದಕ್ಕೆ ಮುಂಚೆ ಸುದ್ದಿ ಓಣಿ ಮುಟ್ಟಿತು. ಅವಳೇ ಅಜವಾನ ಇಂಗು ಅರೆದು ತಂದು ಕುಡಿಸಿದಳು. ಎದುರುಮನೆಯ ಲಕ್ಕಪ್ಪ ಬಂದು, ಇದು ಉಷ್ಣದ ವಾಯು, ಅಜವಾನ ಕೊಟ್ಟು ಕೆಡಿಸಿದರು ಎಂದು ಒಂದು ಚೆಂಬು ಹುಳಿಮಜ್ಜಿಗೆ ಕುಡಿಸಿದ. ನಾಡವೈದ್ಯ ಮಡಿವಾಳೆಪ್ಪನಿಗೆ ಇಬ್ಬರ ಮೇಲೂ ಸಿಟ್ಟು ಬಂತು. ಅವನು ತುಪ್ಪದಲ್ಲಿ ಹುರಿದ ಬೆಳ್ಳುಳ್ಳಿಯನ್ನೂ ಯಾವುದೋ ಕರಿ ಪುಡಿಯನ್ನೂ ತಿನ್ನಿಸಿದ. ಮೂರು ಔಷಧ ಒಳಗೆ ಹೋಗಿ ಜಗಳಕ್ಕೆ ನಿಂತವು. ಮಡಿಕೆಕಾಳಿಗೆ ಅದರಿಂದ ಏನೂ ಆಗಲಿಲ್ಲ.

ಕೊನೆಗೆ ಉಳವಪ್ಪ ಯಾರಿಗೂ ಹೇಳದೆ ಹೊಲದ ಕಡೆ ಹೊರಟ. ಬೇಲಿ ದಾಟಿ ನಿಂತು ಇನ್ನೇನು ಎನ್ನುವಾಗ ಹಿಂದಿನಿಂದ ಲಕ್ಕಪ್ಪನ ದನಿ ಕೇಳಿತು. "ಏನರ ಹಗರಾತೇನ್ರಿ, ಕಾರಕೂನರ?" ಅವನ ಹಿಂದೆ ಮಡಿವಾಳೆಪ್ಪನೂ ನಿಂತಿದ್ದ, ತನ್ನ ಪುಡಿಯ ಗುಣ ನೋಡಲು. ಹೀಗೆ ಕಾವಲು ನಿಂತರೆ ಗಾಳಿಯಾದರೂ ಹೇಗೆ ಹೊರಟೀತು. ಉಳವಪ್ಪ ತಂದದ್ದನ್ನು ಹಾಗೆಯೇ ಹೊತ್ತುಕೊಂಡು ವಾಡೆಗೆ ನಡೆದ.

ಕೆತ್ತನೆಯ ಕಂಬಗಳೂ ಚಿತ್ರದಲ್ಲಿ ಬರಲೆಂದು ದೇಸಾಯರು ಪಡಸಾಲೆಯಲ್ಲೇ ಕುರ್ಚಿ ಹಾಕಿಸಿದ್ದರು. ಅಲ್ಲಿ ಬೆಳಕು ಕಡಿಮೆ. ಹತ್ತು ಎಣಿಸುವ ತನಕ ಯಾರೂ ಅಲುಗಬಾರದು, ಅಲುಗಿದವರ ಮುಖ ಕದಡಿಹೋಗುತ್ತದೆ ಎಂದು ಫೋಟೋದವನು ತಿಳಿಸಿದ. ಬಂಡಿಯ ಕುಲುಕಾಟಕ್ಕೆ ಚಿತ್ರ ಮೂಡಿಸುವ ಗಾಜುಗಳು ಒಡೆದು ಒಂದೇ ಉಳಿದಿದೆ, ಎರಡನೆಯ ಸಲ ತೆಗೆಯಲಾಗದು ಎಂದೂ ಸೇರಿಸಿದ. ದೇಸಾಯರು ಕುರ್ಚಿಯಲ್ಲಿ, ಬಲಕ್ಕೆ ಮಣೆಯ ಮೇಲೆ ಉಳವಪ್ಪ, ಹಿಂದೆ ಲಕ್ಕಪ್ಪ, ಮಡಿವಾಳೆಪ್ಪ ಮೊದಲಾದ ಹತ್ತು ಮಂದಿ.

ಕ್ಯಾಮೆರಾದ ಕಣ್ಣಿನ ಮುಚ್ಚಳ ತೆಗೆದು ಫೋಟೋದವನು ಎಣಿಸತೊಡಗಿದ. ಮೂರಕ್ಕೆ ಉಳವಪ್ಪನ ಹೊಟ್ಟೆಯಲ್ಲಿ ಏನೋ ಹೊರಳಿತು. ಐದಕ್ಕೆ ಅದು ಬಾಗಿಲಿಗೆ ಬಂತು. ಉಳವಿ ಚನ್ನಬಸವಣ್ಣನನ್ನು ನೆನೆದು, ಹಲ್ಲು ಕಚ್ಚಿ, ಆರಕ್ಕೆ ಅವನು ಅದನ್ನು ಗೆದ್ದ. ಬದುಕಿನಲ್ಲಿ ಅವನು ಗೆದ್ದದ್ದು ಅದೊಂದೇ.

ಏಳಕ್ಕೆ ಸದ್ದು ಬಂತು. ಎಡಗಡೆಯಿಂದ, ಕುರ್ಚಿಯಿಂದ. ವಾಡೆಯ ಹೆಬ್ಬಾಗಿಲು ತೆರೆದಂತೆ ನಿಧಾನವಾಗಿ, ಉದ್ದಕ್ಕೆ ಬಂತು. ಹಿಂದಿನ ಹತ್ತು ಮಂದಿ ಬಗ್ಗಿ ಬಗ್ಗಿ ನಕ್ಕರು. ದೇಸಾಯರು ಯಾರದೆಂದು ಹುಬ್ಬೇರಿಸಿ ಅತ್ತಿತ್ತ ತಿರುಗಿ ನೋಡಿದರು. ಉಳವಪ್ಪ ಮಾತ್ರ ಅಲುಗಲಿಲ್ಲ. ನಕ್ಕರೆ ತನ್ನದೂ ಹೊರಡುತ್ತದೆಂದು ಅವನಿಗೆ ಗೊತ್ತಿತ್ತು. ಹತ್ತಾಯಿತು, ಮುಚ್ಚಳ ಬಿತ್ತು.

ತಿದಿ, ತಿದಿ ಎಂದು ಜನ ಅವನ ಬೆನ್ನು ತಟ್ಟಿದರು. ಉಳವಪ್ಪನಿಗೆ ಬೇಸರವಾಗಲಿಲ್ಲ. ಮನುಷ್ಯರು ಸುಳ್ಳು ಹೇಳಬಹುದು, ಯಂತ್ರ ಹೇಳುವುದಿಲ್ಲ. ಹತ್ತು ಎಣಿಸುವ ತನಕ ತಾನು ಹೇಗೆ ಕೂತಿದ್ದೆನೆಂದು ಗಾಜೇ ಸಾಕ್ಷಿ ನುಡಿಯುತ್ತದೆ ಎಂದು ಅವನು ಸಮಾಧಾನದಿಂದ ಕಾದ.

ಗಾಜು ನುಡಿಯಿತು. ಕತ್ತಲೆಯ ಕಣಜದ ಕೋಣೆಯಲ್ಲಿ ಅದನ್ನು ತೊಳೆದು ತಂದು, ಫೋಟೋದವನು ಇಳಿಬಿಸಿಲಿಗೆ ಹಿಡಿದ. ಕಪ್ಪು ಬಿಳುಪಾಗಿ, ಬಿಳುಪು ಕಪ್ಪಾಗಿ ಕಂಡಿತು. ದೇಸಾಯರ ತಲೆ ಮೂರಾಗಿತ್ತು. ಹಿಂದಿನವರ ಮುಖಗಳು ಕಲಸಿಹೋಗಿದ್ದವು. ಉಳವಪ್ಪನ ಮುಖವೊಂದೇ ಮೀಸೆಯ ಕೂದಲು ಎಣಿಸುವಷ್ಟು ಸ್ಪಷ್ಟವಾಗಿ ಮೂಡಿತ್ತು.

ಮಡಿವಾಳೆಪ್ಪ ಗಾಜಿನ ಹತ್ತಿರ ಬಾಗಿ ನೋಡಿದ. "ನೋಡ್ರಿ, ನಾವೆಲ್ಲಾ ನಕ್ಕೇವಿ. ಧಣ್ಯಾರು ಸುದ್ದಾ ಯಾರಂತ ತಿರುಗಿ ನೋಡ್ಯಾರ. ಇಂವ ಒಬ್ಬಾಂವ ಅಳ್ಳಾಡಿಲ್ಲ. ಮಾಡಿದಾಂವಗ ನಗಿ ಎಲ್ಲಿಂದ ಬರಬೇಕ್ರಿ?"

ಎಲ್ಲರೂ ಹೌದೆಂದು ತಲೆದೂಗಿದರು. ಉಳವಪ್ಪ ದೇಸಾಯರ ಮುಖ ನೋಡಿದ. ದೇಸಾಯರು ಗಾಜು ನೋಡುತ್ತಿದ್ದರು. ಮನುಷ್ಯ ಎಂದ ಮೇಲೆ ಆಗುತ್ತದೆ, ಈ ಸಲ ಕ್ಷಮಿಸಿದ್ದೇನೆ ಎಂದರು. ಅವರ ದೊಡ್ಡ ಗುಣವನ್ನು ಹೊಗಳುತ್ತ ಮಂದಿ ಮನೆಗೆ ಹೋದರು.

ಇಬ್ಬರೇ ಉಳಿದಾಗ ದೇಸಾಯರು ದನಿ ತಗ್ಗಿಸಿದರು. "ಇನ್ನ ಮ್ಯಾಲ ನಾ ಎಲ್ಲೆ ಕುಂತರೂ ನೀ ನನ್ನ ಮಗ್ಗಲಾಗ ಕುಂದ್ರಬೇಕು, ತಪ್ಪಿಸಬ್ಯಾಡ." ಹೊಟ್ಟೆ ಸವರಿಕೊಂಡು ಹೇಳಿದರು: "ಯುಗಾದಿ ದಿನಾನೂ ನೀ ಮಗ್ಗಲಾಗ ಇದ್ದಿ ಅಂತ ನನ್ನ ಮಾನ ಉಳೀತು, ಮಾರಾಯಾ."

ಉಳವಪ್ಪ ಹೂಂ ಎಂದು ಮನೆಗೆ ಬಂದ. ಬಾಯವ್ವ ಉಳಿದ ಮಡಿಕೆಕಾಳನ್ನು ಬಿಸಿ ಮಾಡಿಟ್ಟಿದ್ದಳು. ಅವನು ಕೂತು ತಾಟು ಮುಂದಕ್ಕೆ ಸರಿಸಿದ. ಇನ್ನಷ್ಟು ಹಾಕು ಎಂದ.