ದೂರಿದ್ದರೆ ಇಂಗ್ಲಿಷಿನಲ್ಲಿ ಹೇಳಿ

ಮೈಸೂರಿನವರಿಗೆ ಇಂಗ್ಲಿಷ್ ಬರುವುದಿಲ್ಲ ಎಂದು ಯಾರಾದರೂ ಅಂದರೆ ನಾನು ಒಪ್ಪುವುದಿಲ್ಲ. ಬರುತ್ತದೆ. ಆದರೆ ಮೊದಲು ಕೋಪ ಬರಬೇಕು. ನಮ್ಮ ಮನೆಯವರನ್ನೇ ತೆಗೆದುಕೊಳ್ಳಿ. ಮಗಳ ಜೊತೆ ಕೆಲಸ ಮಾಡುವ ಉತ್ತರದ ಕಡೆಯ ಹುಡುಗಿಯೊಬ್ಬಳು ಮನೆಗೆ ಬಂದಿದ್ದಾಗ ಇವರು ‘ಎಸ್, ಎಸ್’ ಎಂದು ತಲೆಯಾಡಿಸಿ, ನೀರು ತರುತ್ತೇನೆಂದು ಒಳಗೆ ಹೋದವರು ಆಕೆ ಊಟ ಮುಗಿಸಿ ಹೊರಡುವ ತನಕ ಹೊರಗೆ ತಲೆ ಹಾಕಲಿಲ್ಲ. ನೀರನ್ನೂ ನಾನೇ ಕೊಟ್ಟೆ. ಇಂಥ ಮನುಷ್ಯ, ಚಾಮರಾಜಪುರಂನ ನಮ್ಮ ಮನೆಯ ಗೇಟಿಗೆ ಅಡ್ಡವಾಗಿ ಯಾರೋ ಸ್ಕೂಟರ್ ನಿಲ್ಲಿಸಿದ ಬೆಳಿಗ್ಗೆ ಬನಿಯನ್ನಿನಲ್ಲೇ ಬೀದಿಗಿಳಿದು, ‘ದಿಸ್ ಈಸ್ ದ ಲಿಮಿಟ್! ಹ್ಯಾವ್ ಯು ಗಾಟ್ ಎನಿ ಸಿವಿಕ್ ಸೆನ್ಸ್? ಹೂ ಗೇವ್ ಯು ಲೈಸೆನ್ಸ್?’ ಎಂದು ಶುರುಮಾಡಿದರು. ನಾನು ಒಗ್ಗರಣೆಯನ್ನು ಅಲ್ಲೇ ಬಿಟ್ಟು ಬಂದು ನಿಂತು ಕೇಳಿದೆ. ಒಂದು ತಪ್ಪಿಲ್ಲ. ಸ್ಕೂಟರಿನವನೇನು ಕಡಿಮೆಯೇ, ‘ಮೈಂಡ್ ಯುವರ್ ಲ್ಯಾಂಗ್ವೇಜ್’ ಎಂದ. ಇಬ್ಬರೂ ಅಪ್ಪಟ ಕನ್ನಡದವರು. ಸಿಟ್ಟು ಇಳಿದ ಮೇಲೆ, ‘ಹೋಗ್ಲಿ ಬುಡಿ ಸಾರ್, ಅರ್ಜೆಂಟಲ್ಲಿ ನಿಲ್ಲಿಸ್ಬುಟ್ಟೆ’ ಎಂದು ಅವನೂ, ‘ಪರ್ವಾಗಿಲ್ಲ ಕಣಪ್ಪ, ಇನ್ಮೇಲೆ ನೋಡ್ಕೊಂಡು ನಿಲ್ಸು’ ಎಂದು ಇವರೂ ಕನ್ನಡಕ್ಕೆ ಮರಳಿದರು. ಕೋಪಿಷ್ಠರನ್ನು ಬಿಟ್ಟರೆ ನಮ್ಮಲ್ಲಿ ಇಂಗ್ಲಿಷ್ ಬಳಸುವವರು ನಾಯಿ ಸಾಕಿದವರು. ಪಕ್ಕದ ಬೀದಿಯ ಅಜ್ಜಿ ಮೊಮ್ಮಕ್ಕಳನ್ನೆಲ್ಲ ‘ಬಾರೋ, ಕೂತ್ಕೊಳೋ’ ಎಂದು ಕರೆಯುವವರು ನಾಯಿಗೆ ಮಾತ್ರ ‘ಕಮ್, ಸಿಟ್’ ಎನ್ನುತ್ತಾರೆ. ನಾಯಿಯನ್ನು ಶಾಲೆಗೆ ಕರೆದೊಯ್ಯಲಾಗುವುದಿಲ್ಲ. ಆದ್ದರಿಂದ ನಾನು ಕೋಪವನ್ನೇ ಹಿಡಿದುಕೊಂಡೆ.

ನಾನು ಕೆಸರೆಯ ಒಂದು ಹೈಸ್ಕೂಲಿನಲ್ಲಿ ಇಂಗ್ಲಿಷ್ ಟೀಚರು. ಎಂಟನೇ ತರಗತಿಯ ಬಿ ವಿಭಾಗ ನನ್ನದು. ನನ್ನ ಮಕ್ಕಳ ಮನೆಗಳಲ್ಲಿ ಇಂಗ್ಲಿಷ್ ಇರುವುದು ಶಾಂಪೂ ಪೊಟ್ಟಣದ ಮೇಲೆ. ಅಪ್ಪಂದಿರು ಆಟೋ ಓಡಿಸುವವರು, ಟೈಲ್ಸ್ ಹಾಕುವವರು, ಸುತ್ತಲ ಹಳ್ಳಿಗಳಿಂದ ಬಂದು ತರಕಾರಿ ಗಾಡಿ ಇಟ್ಟವರು. ನಾನು ಒಳಗೆ ಕಾಲಿಟ್ಟ ಕೂಡಲೇ ಎಲ್ಲರೂ ಎದ್ದುನಿಂತು ‘ಗುಡ್ ಮಾರ್ನಿಂಗ್ ಮಿಸ್’ ಎಂದು ರಾಗವಾಗಿ ಹಾಡುತ್ತಿದ್ದರು, ಮಧ್ಯಾಹ್ನವಾಗಿದ್ದರೂ ಅದೇ ಹಾಡು. ಆಮೇಲೆ ಬಾಯಿಗೆ ಬೀಗ. ಪಾಠ ಮಾಡಿದೆ, ಪದ್ಯ ಹಾಡಿದೆ, ಕುಣಿಯುವುದೊಂದು ಬಾಕಿ. ಅದಕ್ಕೂ ತರಬೇತಿ ಇತ್ತು. ವಿದ್ಯಾರ್ಥಿಗಳಲ್ಲಿ ಕಲಿಯುವ ಹುಮ್ಮಸ್ಸು ತುಂಬುವುದು ಹೇಗೆ ಎಂಬ ಶಿಬಿರಕ್ಕೆ ನಮ್ಮನ್ನೆಲ್ಲ ಕರೆಸಿದ್ದರು. ತರಬೇತಿ ಕೊಡಲು ಬಂದಿದ್ದ ಯುವಕ ನಮಗೆಲ್ಲ, ‘ಕಣ್ಣು ಮುಚ್ಚಿಕೊಳ್ಳಿ, ನೀವು ಒಂದು ನದಿ ಅಂದುಕೊಳ್ಳಿ’ ಎಂದ. ಊಟಕ್ಕೆ ಬಿಸಿಬೇಳೆಬಾತ್ ಆಗಿತ್ತು. ನದಿಗಳೆಲ್ಲ ಕೂತಲ್ಲೇ ನಿದ್ದೆ ಹೋದವು. ಕೊನೆಗೆ ಎಲ್ಲರೂ ‘ಎಕ್ಸಲೆಂಟ್’ ಎಂದು ಬರೆದುಕೊಟ್ಟು ಬಸ್ಸು ಹತ್ತಿದೆವು. ಹುಮ್ಮಸ್ಸು ಎಂದರೇನು ಎಂದು ನನಗೆ ಗೊತ್ತಾದದ್ದು ಆ ಶಿಬಿರದಿಂದಲ್ಲ, ಒಂದು ಕೈವಾರದಿಂದ.

ಸಿಂಚನಾ ಎಂಬ ಹುಡುಗಿ. ಟೈಲ್ಸ್ ಕೆಲಸದವರ ಮಗಳು. ಶಾಲೆ ಶುರುವಾದಾಗಿನಿಂದ ನನ್ನ ಪೀರಿಯಡ್ಡಿನಲ್ಲಿ ಅವಳ ದನಿಯನ್ನೇ ನಾನು ಕೇಳಿರಲಿಲ್ಲ. ಸ್ಕೂಟರ್ ಜಗಳದ ದಿನವೇ ಅವಳು ನನ್ನ ಮೇಜಿನ ಹತ್ತಿರ ಬಂದು, ‘ಮಿಸ್, ಚಂದನ್ ನನ್ ಕೈವಾರ ಈಸ್ಕೊಂಡು ಕೊಡ್ತಾ ಇಲ್ಲ ಮಿಸ್’ ಎಂದಳು. ಮಕ್ಕಳ ಇಂಥ ದೂರುಗಳನ್ನು ನಾವು ಟೀಚರುಗಳು ಸೊಳ್ಳೆ ಓಡಿಸಿದ ಹಾಗೆ ಓಡಿಸುತ್ತೇವೆ. ನನ್ನ ತಲೆಯಲ್ಲಿ ಮಾತ್ರ ನಮ್ಮ ಮನೆಯವರ ಬನಿಯನ್ ಭಾಷಣ ಇನ್ನೂ ಮೊಳಗುತ್ತಿತ್ತು. ‘ಇಂಗ್ಲಿಷಲ್ಲಿ ಹೇಳು, ಕೊಡಿಸ್ತೀನಿ. ಕನ್ನಡದಲ್ಲಾದ್ರೆ ನಂಗೆ ಕೇಳಿಸಲ್ಲ’ ಎಂದೆ. ಹುಡುಗಿಯ ಮುಖ ಕೆಂಪಾಯಿತು. ಕೈವಾರ ಅವಳದು, ನ್ಯಾಯ ಅವಳ ಕಡೆ ಇದೆ, ಮಧ್ಯೆ ಈ ಮಿಸ್ ಬೇರೆ. ಮುಷ್ಟಿ ಬಿಗಿಹಿಡಿದು, ‘ಮಿಸ್, ಹಿ ಟೇಕ್ ಮೈ ಕಂಪಾಸ್! ನಾಟ್ ಗಿವಿಂಗ್! ಡೈಲಿ ಹಿ ಈಸ್ ಡೂಯಿಂಗ್!’ ಎಂದಳು. ಹಿಂದಿನ ಬೆಂಚಿನಿಂದ ಚಂದನ್ ಹಾರಿ ನಿಂತು, ‘ಲೈ, ಮಿಸ್! ಶಿ ಗೇವ್! ಯೆಸ್ಟರ್ಡೇ ಶಿ ಓನ್ಲಿ ಗೇವ್!’ ಎಂದು ಕೂಗಿದ. ನನಗೆ ಮೈ ಜುಮ್ಮೆಂದಿತು. ತಿಂಗಳುಗಟ್ಟಲೆ ಬೋರ್ಡು ತುಂಬ ಬರೆದು ಗಂಟಲು ಹರಿದುಕೊಂಡರೂ ಒಳಗಿಳಿಯದ ಭೂತಕಾಲ, ಕಳ್ಳನೆನಿಸಿಕೊಳ್ಳುವ ಭಯಕ್ಕೆ ಒಂದೇ ಗಳಿಗೆಯಲ್ಲಿ ಹುಡುಗನ ಬಾಯಿಂದ ಉದುರಿತ್ತು. ಸಂತೋಷಕ್ಕೆ ನನ್ನ ಕಣ್ಣಲ್ಲಿ ನೀರು ಬಂತು ಎಂದರೆ ನೀವು ನಗಬೇಡಿ.

ಅಂದಿನಿಂದ ಎಂಟನೇ ಬಿ ಒಂದು ಕೋರ್ಟು. ದೂರು ಇಂಗ್ಲಿಷಿನಲ್ಲಿದ್ದರೆ ಮಾತ್ರ ವಿಚಾರಣೆ. ಆರೋಪಿಯೂ ಇಂಗ್ಲಿಷಿನಲ್ಲೇ ಉತ್ತರ ಕೊಡಬೇಕು, ಕನ್ನಡ ಬಾಯಿಗೆ ಬಂತೋ ಕೇಸು ಸೋತ ಹಾಗೆ. ಧೂಳು ಹಿಡಿದು ಕೂತಿದ್ದ ಡಿಕ್ಷನರಿಯ ರಟ್ಟು ಕಿತ್ತುಬಂತು. ‘ಮಿಸ್, ಜಿಗುಟೋದಕ್ಕೆ ಏನಂತಾರೆ?’ ‘ಮಿಸ್, ಅಣಕಿಸೋದಕ್ಕೆ?’ ಎಂದು ಬಸ್ ಸ್ಟಾಪಿನ ತನಕ ಹಿಂದೆ ಬರುತ್ತಿದ್ದರು. ಬೈಗುಳದ ಪದಗಳನ್ನೂ ಕೇಳಿದರು, ನಾನು ಹೇಳಿಕೊಡಲಿಲ್ಲ, ಹೇಗೋ ಕಲಿತುಕೊಂಡರು. ಗಲಾಟೆ ಆಗುತ್ತಿತ್ತು, ಇಲ್ಲವೆನ್ನುವುದಿಲ್ಲ. ನ್ಯಾಯ ಕೇಳುವವರು ಪಿಸುಗುಟ್ಟುತ್ತಾರೆಯೇ?

ಪಕ್ಕದ ಕೋಣೆಯಲ್ಲಿ ಲೆಕ್ಕ ಹೇಳಿಕೊಡುತ್ತಿದ್ದ ನಮ್ಮ ಹೆಡ್ ಮೇಷ್ಟ್ರಿಗೆ ಇದು ಹಿಡಿಸಲಿಲ್ಲ. ಅವರ ತರಗತಿಯಲ್ಲಿ ಫ್ಯಾನಿನ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಅದೂ ಕರೆಂಟ್ ಇದ್ದರೆ. ನನ್ನನ್ನು ಕರೆಸಿ, ‘ಏನ್ ಮೇಡಂ ಇದು, ಕ್ಲಾಸೋ ಮಾರ್ಕೆಟ್ಟೋ?’ ಎಂದರು. ‘ಸರ್, ಲೆಕ್ಕ ಬಾಯ್ಮುಚ್ಕೊಂಡು ಮಾಡ್ಬೋದು. ಭಾಷೆನ ಬಾಯ್ಮುಚ್ಕೊಂಡು ಕಲ್ತೋರನ್ನ ನಾನಂತೂ ನೋಡಿಲ್ಲ’ ಎಂದೆ. ಅವರು ಕನ್ನಡಕ ತೆಗೆದು ಒರೆಸಿದರು. ಅದು ಕೋಪದ ಗುರುತು. ‘ಬರೋ ವಾರ ಆಫೀಸರ್ ವಿಸಿಟ್ ಇದೆ. ಅವತ್ತೂ ಇಂಗೇ ಗಲಾಟೆ ಆದ್ರೆ ಎಯ್ಟ್ ಬಿ ನಿಮ್ಮಿಂದ ತೆಗ್ದು ಸೋಷಿಯಲ್ ಸರ್‌ಗೆ ಕೊಟ್ಬಿಡ್ತೀನಿ, ನೋಡಿ ಮತ್ತೆ’ ಎಂದರು. ಸೋಷಿಯಲ್ ಸರ್ ಎಂದರೆ ಗೈಡ್ ಓದಿಸಿ ನೋಟ್ಸ್ ಬರೆಸುವವರು. ಒಳ್ಳೆಯವರೇ, ಆದರೆ ಅವರ ಕೈಗೆ ಸಿಕ್ಕರೆ ನನ್ನ ಮಕ್ಕಳು ವಾರದೊಳಗೆ ಮತ್ತೆ ‘ಗುಡ್ ಮಾರ್ನಿಂಗ್’ ಹಾಡಿಗೆ ಇಳಿಯುತ್ತಾರೆ. ಆಗಲಿ ಸರ್, ಸುಮ್ಮನಿರಿಸುತ್ತೇನೆ ಎಂದು ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ‘ಕೊಡಿ ಸರ್, ನೋಡೇಬಿಡೋಣ’ ಎಂದು ಬಂದುಬಿಟ್ಟೆ. ಮನೆಯಲ್ಲಿ ಹೇಳಿದರೆ ನಮ್ಮವರು, ‘ನಿಂಗ್ಯಾಕೆ ಬೇಕಿತ್ತು ಕಣೇ ಇದೆಲ್ಲ’ ಎಂದು ಟಿವಿ ಕಡೆ ತಿರುಗಿದರು. ಇಷ್ಟಕ್ಕೆಲ್ಲ ಕಾರಣ ತಮ್ಮ ಭಾಷಣವೇ ಎಂಬುದು ಅವರಿಗೆ ಹೊಳೆಯಲಿಲ್ಲ.

ಆಫೀಸರ್ ಬಂದರು. ಹೆಡ್ ಮೇಷ್ಟ್ರು ಅವರ ಹಿಂದೆಯೇ ನಿಂತು ಮಕ್ಕಳಿಗೆ ಕಣ್ಣು ಬಿಡುತ್ತಿದ್ದರು. ಆಫೀಸರ್ ಕುಶಾಲಿನ ಮನುಷ್ಯರು. ಎಲ್ಲ ಶಾಲೆಯಲ್ಲೂ ಕೇಳುವಂತೆ ಇಲ್ಲಿಯೂ, ‘ಎನಿ ಪ್ರಾಬ್ಲಮ್, ಚಿಲ್ಡ್ರನ್?’ ಎಂದರು. ಇದಕ್ಕೆ ‘ನೋ ಸಾರ್’ ಎಂದು ಒಟ್ಟಿಗೆ ಕೂಗುವುದು ಎಲ್ಲ ಶಾಲೆಗಳ ಸಂಪ್ರದಾಯ. ಆದರೆ ದೂರನ್ನು ಇಂಗ್ಲಿಷಿನಲ್ಲಿ ಕೇಳುವ ದೊಡ್ಡವರು ಸಿಕ್ಕರೆ ಎಂಟನೇ ಬಿ ಬಿಡುತ್ತದೆಯೇ? ಕೈಗಳು ಎದ್ದವು. ನಲ್ಲಿಯಲ್ಲಿ ನೀರು ಬರುವುದಿಲ್ಲ ಎಂದು ಒಬ್ಬಳು, ಹುಡುಗಿಯರ ಟಾಯ್ಲೆಟ್ಟಿಗೆ ಚಿಲಕ ಇಲ್ಲ ಎಂದು ಇನ್ನೊಬ್ಬಳು. ಚಂದನ್ ಎದ್ದು, ‘ಸಾರ್, ಎವ್ರಿ ಗೇಮ್ಸ್ ಪೀರಿಯಡ್ ಎಚ್ಚೆಮ್ ಸಾರ್ ಟೇಕಿಂಗ್ ಮ್ಯಾತ್ಸ್. ವೆರಿ ಸ್ಯಾಡ್, ಸಾರ್’ ಎಂದ. ಹೆಡ್ ಮೇಷ್ಟ್ರು ಕನ್ನಡಕ ತೆಗೆದು ಒರೆಸತೊಡಗಿದರು. ನಾನು ಒಳಗೊಳಗೇ ಹಿಗ್ಗಿ ಬೆನ್ನು ನೆಟ್ಟಗೆ ಮಾಡಿ ನಿಂತೆ.

ಆಗ ಸಿಂಚನಾ ಎದ್ದಳು. ‘ಸಾರ್, ಒನ್ ಕಂಪ್ಲೇಂಟ್ ಆನ್ ಅವರ್ ಮಿಸ್’ ಎಂದಳು. ‘ಮಿಸ್ ಆಲ್ವೇಸ್ ಟೆಲ್ಲಿಂಗ್, ಸ್ಪೀಕ್, ಸ್ಪೀಕ್. ಬಟ್ ವೆನ್ ವಿ ಸ್ಪೀಕ್, ಮಿಸ್ ಸ್ಟಾರ್ಟ್ಸ್ ಹರ್ ಹಸ್ಬೆಂಡ್ ಸ್ಕೂಟರ್ ಸ್ಟೋರಿ. ಬೆಲ್ ರಿಂಗ್ಸ್. ಮೈ ಕಂಪಾಸ್ ಕೇಸ್ ಈಸ್ ಸ್ಟಿಲ್ ಪೆಂಡಿಂಗ್, ಸಾರ್.’

ತರಗತಿ ನಿಶ್ಶಬ್ದವಾಯಿತು. ಹೆಡ್ ಮೇಷ್ಟ್ರು ವರ್ಷವೆಲ್ಲ ಬಯಸಿದ್ದ ನಿಶ್ಶಬ್ದ. ಆಫೀಸರ್ ನಗು ತಡೆದುಕೊಂಡು ನನ್ನ ಕಡೆ ತಿರುಗಿ, ‘ಎಸ್ ಮೇಡಂ, ಯುವರ್ ಆನ್ಸರ್?’ ಎಂದರು. ಎಂ.ಎ. ಮಾಡಿದವಳು ನಾನು. ಕೋಪವೂ ಬೇಕಾದಷ್ಟು ಬಂದಿತ್ತು. ನನ್ನ ಸಿದ್ಧಾಂತದ ಪ್ರಕಾರ ಆ ಗಳಿಗೆಯಲ್ಲಿ ನನ್ನ ಬಾಯಿಂದ ಇಂಗ್ಲಿಷ್ ಧಾರೆಯಾಗಿ ಹರಿಯಬೇಕಿತ್ತು. ಬಾಯಿ ತೆರೆದೆ. ‘ಏನೇ ಸಿಂಚನಾ, ನಿನ್ ಬಾಯಿ ಬಿಡಿಸಿದ್ದು ನಾನು ಕಣೇ, ನನ್ ಮೇಲೇ ದೂರು ಹೇಳ್ಬುಟ್ಟೆಯಲ್ಲೇ!’ ಎಂದೆ. ಇಡೀ ತರಗತಿ ಒಂದೇ ಕಂಠದಲ್ಲಿ ‘ಇನ್ ಇಂಗ್ಲಿಷ್, ಮಿಸ್!’ ಎಂದು ಕೂಗಿತು. ಕೇಸು ನಾನು ಸೋತೆ.

ಆಫೀಸರ್ ಹೊರಡುವಾಗ, ‘ಈ ಕ್ಲಾಸು ಮೇಡಂ ಹತ್ರನೇ ಇರ್ಲಿ ಕಣ್ರೀ. ಆ ಮಗು ಕೇಸ್ ಇನ್ನೂ ಮುಗ್ದಿಲ್ವಲ್ಲ’ ಎಂದು ಹೆಡ್ ಮೇಷ್ಟ್ರಿಗೆ ಹೇಳಿ ಹೋದರು. ನಲ್ಲಿಯಲ್ಲಿ ನೀರು ಇನ್ನೂ ಬಂದಿಲ್ಲ, ಚಿಲಕ ಬಂದಿದೆ. ಕೈವಾರ ಸಿಂಚನಾಗೆ ಸಿಕ್ಕಿದೆ. ಗಲಾಟೆ ಹಾಗೇ ಇದೆ, ಮುಂದೆಯೂ ಇರುತ್ತದೆ, ಯಾರು ಬೇಕಾದರೂ ಬಂದು ಕೇಳಿಕೊಳ್ಳಲಿ. ಬದಲಾದದ್ದು ಒಂದೇ. ಸೋತವರಿಗೆ ಶಿಕ್ಷೆ ಕೊಡುವುದು ನಮ್ಮ ಕೋರ್ಟಿನ ಪದ್ಧತಿ. ನಮ್ಮ ಮನೆಯವರ ಸ್ಕೂಟರಿನ ಕತೆಯನ್ನು ಇನ್ನು ಮುಂದೆ ಎಂಟನೇ ಬಿ ವಿಭಾಗದಲ್ಲಿ ಹೇಳಕೂಡದು ಎಂದು ಮಕ್ಕಳು ತೀರ್ಪು ಕೊಟ್ಟಿದ್ದಾರೆ. ಅದಕ್ಕೇ ನಿಮಗೆ ಹೇಳಿದ್ದು.