ಬೀಸಣಿಗೆ ನಿಂತರೆ ಆಮೆನ್

ಪಾಸ್ಟರ ಮನೆಯಲ್ಲಿ ಇರುವವರಿಗೆ ಪಾಪ ಮಾಡಲು ಹೆಚ್ಚು ಅನುಕೂಲವಿರುವುದಿಲ್ಲ. ಹಿತ್ತಲಲ್ಲಿ ಏನು ಒಣಹಾಕಿದ್ದೇವೆ, ಅಡುಗೆಮನೆಯಲ್ಲಿ ಏನು ಕುದಿಯುತ್ತಿದೆ, ಎಲ್ಲವೂ ಸಭೆಗೆ ಗೊತ್ತಿರುತ್ತದೆ. ಹೀಗಾಗಿ ನಾನು ನನ್ನ ಪಾಪವನ್ನು ಚರ್ಚಿನೊಳಗೇ, ಮೊದಲನೆಯ ಬೆಂಚಿನಲ್ಲಿ ಕುಳಿತು, ಆರಾಧನೆಯ ಹೊತ್ತಿನಲ್ಲೇ ಮಾಡಬೇಕಾಯಿತು.

ನಾವು ಬೆಟಗೇರಿಯ ಕಡೆಯವರು. ಅಣ್ಣ ಓದಿ ಪಾಸ್ಟರಾದ, ತೆಲುಗು ಕಲಿತ, ಆಂಧ್ರದ ಸಭೆಗಳಲ್ಲೇ ಆಯುಷ್ಯ ಕಳೆದ. ನಾನು ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟವಳು. ನನ್ನ ಯಜಮಾನರು ಹೋದ ಮೇಲೆ, ಅತ್ತ ಅತ್ತಿಗೆಯೂ ತೀರಿಕೊಂಡಿದ್ದರಿಂದ, ಅಣ್ಣನ ಮನೆ ನೋಡಿಕೊಳ್ಳಲು ವಿಜಯವಾಡಕ್ಕೆ ಬಂದೆ. ಅಲ್ಲಿ ಪಾಸ್ಟರನ್ನು ಅಯ್ಯಗಾರು, ಪಾಸ್ಟರ ಹೆಂಡತಿಯನ್ನು ಅಮ್ಮಗಾರು ಎನ್ನುತ್ತಾರೆ. ಹೆಂಡತಿ ಇಲ್ಲದ ಕಾರಣ ಆ ಹೆಸರು ನನಗೆ ಬಂತು. ಬೇಡವೆಂದು ಎರಡು ಸಲ ಹೇಳಿದೆ. ಮೂರನೆಯ ಸಲ ಓ ಎಂದೆ.

ಅಣ್ಣನಿಗೆ ಪ್ರಸಂಗ ಶುರುಮಾಡಲು ಬರುತ್ತಿತ್ತು, ನಿಲ್ಲಿಸಲು ಬರುತ್ತಿರಲಿಲ್ಲ. ನೋಹನ ನಾವೆಗೆ ಹತ್ತಿದನೆಂದರೆ ಒಂದೊಂದು ಪ್ರಾಣಿಯನ್ನೂ ವಿಚಾರಿಸಿಕೊಂಡೇ ಇಳಿಯುತ್ತಿದ್ದ. ಗೋಡೆಯ ಗಡಿಯಾರ ಅವನ ಬೆನ್ನ ಹಿಂದಿತ್ತು. ಫ್ಯಾನುಗಳ ಗಡಗಡ ಸದ್ದಿನಲ್ಲಿ ವಾಕ್ಯ ಕೇಳುವುದಿಲ್ಲವೆಂದು ಪ್ರಸಂಗದ ಹೊತ್ತಿಗೆ ಅವನ್ನು ಆರಿಸುತ್ತಿದ್ದರು. ವಿಜಯವಾಡದ ಬಿಸಿಲಿನಲ್ಲಿ ಹೀಗೆ ಕುಳಿತು ಒಬ್ಬ ಅಜ್ಜಿ ಎಚ್ಚರ ತಪ್ಪಿದಳು. ಸಭೆಯ ಹಿರಿಯರು ಮನೆಗೆ ಬಂದು ಚಹಾ ಕುಡಿದು, ಏನೂ ಹೇಳದೆ ಎಲ್ಲವನ್ನೂ ಹೇಳಿ ಹೋದರು.

ಅವತ್ತು ಅಣ್ಣ ನನ್ನನ್ನು ಕರೆದ. "ತಂಗಿ, ನಿನಗ ಗಡಿಯಾರ ಕಾಣತದ. ಮುಕ್ಕಾಲು ತಾಸಾತಂದ್ರ ಬೀಸಣಿಕಿ ತೊಡಿ ಮ್ಯಾಲ ಇಟ್ಟುಬಿಡು. ನಾ ಮುಗಸ್ತೀನಿ."

ಹಾಗೆಯೇ ನಡೆಯಿತು. ತಾಳೆಗರಿಯ ಬೀಸಣಿಗೆ ಆಡುವವರೆಗೆ ಪ್ರಸಂಗ, ನಿಂತರೆ ಆಮೆನ್. ಇಷ್ಟು ದೊಡ್ಡ ಅಧಿಕಾರ ನನಗೆ ಹಿಂದೆ ಯಾರೂ ಕೊಟ್ಟಿರಲಿಲ್ಲ. ವಿಜಯವಾಡದಲ್ಲಿ ಅದನ್ನು ನಿಯತ್ತಿನಿಂದ ನಡೆಸಿದೆ.

ಕೆಟ್ಟದ್ದು ವಿಶಾಖಪಟ್ಟಣಕ್ಕೆ ವರ್ಗವಾದ ಮೇಲೆ. ಕಿಟಕಿ ತೆರೆದರೆ ಸಮುದ್ರ, ಕುಡಿಯಲು ನೀರಿಲ್ಲ. ಇಡೀ ಓಣಿಗೆ ಒಂದೇ ಬೀದಿ ನಲ್ಲಿ. ಅದರಲ್ಲಿ ನೀರು ಬರುವುದು ಭಾನುವಾರವೂ ಸರಿಯಾಗಿ ಪ್ರಸಂಗದ ಹೊತ್ತಿಗೆ. ಪೂರ್ತಿ ಕೇಳಿ ಹೋದರೆ ಬೇರೆಯವರ ಬಿಂದಿಗೆಗಳ ಬೆನ್ನು ನೋಡುತ್ತ ನಿಲ್ಲಬೇಕು. ಎರಡು ಭಾನುವಾರ ಹಾಗೆ ನಿಂತೆ. ಮೂರನೆಯ ಭಾನುವಾರ ಅರ್ಧ ತಾಸಿಗೇ ನನ್ನ ಬೀಸಣಿಗೆ ತೊಡೆಯ ಮೇಲೆ ಬಂತು. ಅಣ್ಣ ಕೆಂಪು ಸಮುದ್ರದ ನಡುವೆ ಇದ್ದ; ಇಸ್ರಾಯೇಲ್ಯರನ್ನು ಅಲ್ಲಿಯೇ ಬಿಟ್ಟು ಆಶೀರ್ವಾದ ಹೇಳಿದ. ನನ್ನ ಬಿಂದಿಗೆ ಮೊದಲು ತುಂಬಿತು.

ಆಮೇಲೆ ಅದೇ ರೂಢಿಯಾಯಿತು. ಅಯ್ಯಗಾರ ಪ್ರಸಂಗ ಚಿಕ್ಕದು, ಚೊಕ್ಕದು ಎಂದು ಊರೆಲ್ಲ ಹೊಗಳಿತು. ಅವರು ಹೊಗಳಿದಷ್ಟೂ ನನಗೆ ಅನ್ನ ಇಳಿಯುತ್ತಿರಲಿಲ್ಲ. ನೀರು ಮಾತ್ರ ಇಳಿಯುತ್ತಿತ್ತು.

ಅಣ್ಣ ನಿವೃತ್ತನಾಗುವ ಭಾನುವಾರ ಬಂತು. ಅವನ ಕಡೆಯ ಪ್ರಸಂಗವನ್ನಾದರೂ ಪೂರ್ತಿ ಹೇಳಲು ಬಿಡಬೇಕು, ತಾನಾಗಿ ಮುಗಿಸುವವರೆಗೆ ಬೀಸಣಿಗೆ ನಿಲ್ಲಿಸಬಾರದು ಎಂದು ಹರಕೆ ಹೊತ್ತೆ. ಅಣ್ಣ ಸಭೆಗೆ ವಂದನೆ ಹೇಳಲು ಶುರುಮಾಡಿದ. ಹಿರಿಯರಿಗೆ, ಹಾಡುವವರಿಗೆ, ಮಳೆಯಲ್ಲಿ ಚಾವಣಿ ಸೋರಿದಾಗ ಮೇಲೆ ಹತ್ತಿದವರಿಗೆ, ಹತ್ತುತ್ತೇನೆಂದು ಹೇಳಿ ಹತ್ತದವರಿಗೆ. ಅರ್ಧ ತಾಸಾಯಿತು, ಮುಕ್ಕಾಲು ತಾಸಾಯಿತು. ಅವನು ಮತ್ತೆ ಮತ್ತೆ ನನ್ನ ಕಡೆ ನೋಡಿದ. ಉತ್ತೇಜನ ಬೇಕೇನೋ ಎಂದು ಜೋರಾಗಿ ಬೀಸಿದೆ. ಅವನು ಬೆಂಚುಗಳಿಗೆ ವಂದನೆ ಹೇಳಿದ. ಗಂಟೆಯ ಹಗ್ಗಕ್ಕೆ ಹೇಳಿದ. ಹೊರಗೆ ಶಾಮಿಯಾನದ ಕೆಳಗೆ ಬೀಳ್ಕೊಡುಗೆ ಊಟದ ಮಾಂಸದ ಸಾರು ಆರುತ್ತಿತ್ತು. ನನ್ನ ಬಲ ಭುಜ ಸೋತು ಎಡಗೈಗೆ ಬದಲಿಸಿದೆ. ಕಡೆಗೆ ಬೀದಿ ನಲ್ಲಿಗೂ ವಂದನೆ ಹೇಳಿದ. ಇವನಿಗೆ ಗೊತ್ತಾಗಿಬಿಟ್ಟಿತೇ ಎಂದುಕೊಂಡೆ.

ಪಕ್ಕದಲ್ಲಿದ್ದ ರತ್ನಮ್ಮಗಾರು ನನ್ನ ಕಿವಿಗೆ ಬಾಗಿದರು. "ಅಮ್ಮಗಾರೂ, ಕುಳಾಯಿ ವಚ್ಚೇಸಿಂದಿ." ನಲ್ಲಿ ಬಂದಾಯಿತು ಎಂದು. ಆಮೇಲೆ ತೆಲುಗಿನಲ್ಲೇ ಮೆಲ್ಲಗೆ, "ಬೀಸಣಿಗೆ ಕೆಳಗಿಡಿ ತಾಯೀ, ಹೆಂಗಸರೆಲ್ಲ ಅದನ್ನೇ ನೋಡುತ್ತಿದ್ದೇವೆ" ಎಂದರು.

ಹಿಂದಿರುಗಿ ನೋಡಿದೆ. ಹೆಂಗಸರ ಕಡೆಯ ಬೆಂಚುಗಳೆಲ್ಲ ನನ್ನ ಕೈಯನ್ನೇ ನೋಡುತ್ತಿದ್ದವು. ಇಷ್ಟು ವರ್ಷ ನಾನು ಗುಟ್ಟಿನಲ್ಲಿ ಪಾಪ ಮಾಡುತ್ತಿದ್ದೇನೆಂದು ತಿಳಿದಿದ್ದೆ. ಅವರು ಅದನ್ನು ನೋಡಿಕೊಂಡೇ ಬಿಂದಿಗೆ ಸಿದ್ಧಮಾಡಿಕೊಳ್ಳುತ್ತಿದ್ದರು. ಆದರೂ ಹರಕೆ ಹರಕೆಯೇ. ಬೀಸಿದೆ.

"ಕಟ್ಟಕಡೆಗೆ," ಎಂದ ಅಣ್ಣ, "ನನ್ನ ತಂಗಿಗೆ..."

ರತ್ನಮ್ಮಗಾರು ನನ್ನ ಕೈಯಿಂದ ಬೀಸಣಿಗೆ ಕಿತ್ತುಕೊಂಡರು.

"ಆಮೆನ್," ಎಂದ ಅಣ್ಣ.

ಮನೆಗೆ ಬಂದು ಎಲ್ಲವನ್ನೂ ಒಪ್ಪಿಕೊಂಡೆ. "ಅಣ್ಣಾ, ನೀರಿನ ಸಲುವಾಗಿ ನಿನ್ನ ಪ್ರಸಂಗಾ ಕತ್ತರಿಸೀನಿ."

"ಗೊತ್ತದ," ಎಂದ, ಬೂಟು ಬಿಚ್ಚುತ್ತ. "ಮೊದಲನೇ ತಿಂಗಳೇ ಗೊತ್ತಾತು. ಅವತ್ತಿನಿಂದ ಅರ್ಧ ತಾಸಿನ ಪ್ರಸಂಗಾನ ತಯಾರ ಮಾಡ್ತಿದ್ದೆ. ಇವತ್ತ ಹೇಳೂದು ಮುಗದು ಎಷ್ಟೊತ್ತಾಗಿತ್ತು. ನಿಲ್ಲಿಸವಾ ಅಂತ ನಿನ್ನ ಮಾರಿ ನೋಡಿದ್ರ ನೀ ಇನ್ನೂ ಜೋರ ಬೀಸಾಕತ್ತಿದ್ದಿ."

"ನನ್ನ ಬಗ್ಗೆ ಏನೋ ಹೇಳಾಂವಿದ್ದಿ."

"ಹೂಂ. ಬೀಸಣಿಕಿ ನಿಂತ್ಕೂಡ್ಲೆ ಹಾರಿಹೋತು."

ಈಗ ಮತ್ತೆ ವಿಜಯವಾಡದಲ್ಲಿದ್ದೇವೆ. ಅಣ್ಣ ಗಂಡಸರ ಕಡೆ, ನಾನು ಹೆಂಗಸರ ಕಡೆ, ಎಲ್ಲರಂತೆ ಕುಳಿತು ಬೇರೆಯವರ ಪ್ರಸಂಗ ಕೇಳುತ್ತೇವೆ. ಮೊದಲ ಭಾನುವಾರವೇ ಹೊಸ ಪಾಸ್ಟರು ಪ್ರಸಂಗದ ನಡುವೆ ಉಸಿರು ತೆಗೆದುಕೊಳ್ಳಲು ನಿಂತರು. ಕೈ ಸೋತು ನಾನು ಬೀಸಣಿಗೆಯನ್ನು ತೊಡೆಯ ಮೇಲಿಟ್ಟೆ. ಆಚೆ ಕಡೆ ಅಣ್ಣ ಎದ್ದುನಿಂತು, ಎರಡೂ ಕೈ ಮೇಲೆತ್ತಿ, ಇಡೀ ಸಭೆಗೆ ಆಶೀರ್ವಾದ ಕೊಟ್ಟುಬಿಟ್ಟ. ಅರ್ಧ ಸಭೆ ಚಪ್ಪಲಿ ಹುಡುಕಲು ಹೊರಟಿತು.

ಅಂದಿನಿಂದ ನಾನು ಚರ್ಚಿಗೆ ಬೀಸಣಿಗೆ ಒಯ್ಯುವುದಿಲ್ಲ. ಈಗ ಮೇ ತಿಂಗಳು. ಹೊಸ ಪಾಸ್ಟರ ಬೆನ್ನ ಹಿಂದೆಯೂ ಗಡಿಯಾರವಿದೆ, ಅವರಿಗೆ ತಂಗಿಯಿಲ್ಲ. ನನ್ನ ಪಾಪಕ್ಕೆ ಇಷ್ಟು ಶಿಕ್ಷೆ ಸಾಕಾಗಬಹುದು ಎಂದುಕೊಂಡಿದ್ದೇನೆ.